ಒಳಗೆ ಹೋಗುವುದು ಸುಲಭ, ಹೊರಗೆ ಬರಲು ಕಾಗದಪತ್ರ ಬೇಕು

ಅಮೆರಿಕದ ನಾರ್ತ್ ಡಕೋಟ ರಾಜ್ಯಕ್ಕೂ ಕೆನಡಾದ ಮ್ಯಾನಿಟೋಬ ಪ್ರಾಂತ್ಯಕ್ಕೂ 49ನೇ ಅಕ್ಷಾಂಶವೇ ಗಡಿ. ಆ ಗಡಿರೇಖೆಯ ಮೇಲೆಯೇ ಇಂಟರ್‌ನ್ಯಾಷನಲ್ ಪೀಸ್ ಗಾರ್ಡನ್ ಇದೆ. ವಿಸ್ತೀರ್ಣ 2,300 ಎಕರೆಗೂ ಹೆಚ್ಚು. ದೊಡ್ಡ ಪಾಲು ಕೆನಡಾದ್ದು. ಒಳಗೆ ಹೋಗುವಾಗ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಹೊರಗೆ ಬರುವಾಗ ಕೇಳುತ್ತಾರೆ.

ವಿಚಿತ್ರವೆನಿಸಿದರೂ ಕಾರಣ ಸರಳ. ಈ ಎರಡು ದೇಶಗಳೂ ತಮ್ಮ ನೆಲಕ್ಕೆ ಬರುವವರನ್ನು ತಪಾಸಣೆ ಮಾಡುತ್ತವೆ, ಬಿಟ್ಟು ಹೋಗುವವರನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಉದ್ಯಾನದ ಗೇಟು ಎರಡು ತಪಾಸಣಾ ಠಾಣೆಗಳ ನಡುವೆ ಇದೆ. ಡನ್‌ಸೀತ್ ಊರಿನಿಂದ 281ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಬಂದರೆ ಅಮೆರಿಕದ ಠಾಣೆ ದಾಟುತ್ತೀರಿ. ಕೆನಡಾದ ಠಾಣೆ ಬರುವ ಮೊದಲೇ ಉದ್ಯಾನಕ್ಕೆ ತಿರುಗುತ್ತೀರಿ. ಬೊಯ್ಸ್‌ವೇನ್ ಕಡೆಯಿಂದ 10ನೇ ಹೆದ್ದಾರಿಯಲ್ಲಿ ಬರುವವರಿಗೂ ಹೀಗೆಯೇ. ಮರಳುವಾಗ ಮಾತ್ರ ನಿಮ್ಮ ಕಾರು ಪರದೇಶದಿಂದ ಬರುವ ಕಾರುಗಳ ಸಾಲಿನಲ್ಲಿ ನಿಂತಿರುತ್ತದೆ. ಎದುರಿಗಿರುವ ಅಧಿಕಾರಿಗೆ ನೀವು ಹೂ ನೋಡಿ ಬಂದವರೋ ವಿನಿಪೆಗ್‌ನಿಂದ ಬಂದವರೋ ತಿಳಿಯುವುದು ಹೇಗೆ? ಎಲ್ಲರಿಗೂ ಒಂದೇ ವಿಚಾರಣೆ.

ಆದ್ದರಿಂದ ಅಮೆರಿಕದಲ್ಲಿರುವ ನಮ್ಮವರು ಪಾಸ್‌ಪೋರ್ಟ್, ವೀಸಾ, ಐ-94 ಮೂರನ್ನೂ ಕೈಯಲ್ಲಿ ಇಟ್ಟುಕೊಂಡೇ ಹೊರಡಬೇಕು. ವಿದ್ಯಾರ್ಥಿಗಳಾದರೆ ಐ-20, ಎಚ್-1ಬಿ ಕೆಲಸದವರಾದರೆ ಐ-797 ಕೂಡ ಬೇಕು. ಊರಿನಿಂದ ಬಂದ ಅಪ್ಪ-ಅಮ್ಮನ ಪಾಸ್‌ಪೋರ್ಟ್ ಮನೆಯ ಬೀರುವಿನಲ್ಲಿದ್ದರೆ ಪ್ರಯೋಜನವಿಲ್ಲ. ವೀಸಾ ಅವಧಿ ಮುಗಿದಿದೆ, ಅರ್ಜಿ ಬಾಕಿಯಿದೆ ಎನ್ನುವವರು ಹೊರಡುವ ಮೊದಲೇ ವಕೀಲರನ್ನು ಕೇಳಿಕೊಳ್ಳಲಿ. ಗಡಿಯಲ್ಲಿ ನಿಂತು ಕೇಳುವ ಪ್ರಶ್ನೆ ಅದಲ್ಲ.

ಬಂದ ಕಡೆಗೇ ಮರಳುವವರಿಗೆ ಆಚೆ ದೇಶದ ವೀಸಾ ಬೇಡ. ಈ ಜಾಗದ ನಿಜವಾದ ಉಪಯೋಗ ಇರುವುದು ಇಲ್ಲಿ ಎನ್ನುವುದು ನನ್ನ ಅಭಿಪ್ರಾಯ. ಅಕ್ಕ ವಿನಿಪೆಗ್‌ನಲ್ಲಿ, ತಮ್ಮ ಮಿನಿಯಾಪೊಲಿಸ್‌ನಲ್ಲಿ. ಇಬ್ಬರಿಗೂ ಪರಸ್ಪರರ ದೇಶದ ವೀಸಾ ಇಲ್ಲ ಅಂದುಕೊಳ್ಳಿ. ಉದ್ಯಾನದೊಳಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮಧ್ಯಾಹ್ನದ ಊಟ ಮಾಡಬಹುದು. ಆದರೆ ಅಕ್ಕ ಕೊಟ್ಟ ಸೀರೆಯೋ ಪಾತ್ರೆಯೋ ತಮ್ಮನ ಕಾರು ಸೇರಿದರೆ ಅದು ಕೆನಡಾದಿಂದ ತಂದ ಸಾಮಾನು. ಅಧಿಕಾರಿಗೆ ಹೇಳಲೇಬೇಕು. ಹಣ್ಣು, ತರಕಾರಿ, ಗಿಡ, ಮಣ್ಣು, ಸೌದೆಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಕರಿಬೇವಿನ ಸೊಪ್ಪಂತೂ ಅಮೆರಿಕದ ಒಳಗೆ ನಿಷಿದ್ಧ. ನಿಂಬೆ-ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಅಡಗಿರುತ್ತದೆ. ಬುತ್ತಿಯನ್ನು ಅಲ್ಲೇ ಖಾಲಿ ಮಾಡಿ ಬನ್ನಿ. ಗಾಂಜಾ ಕೆನಡಾದಲ್ಲಿ ಕಾನೂನುಬದ್ಧ ಎಂದು ಅಮೆರಿಕದ ಠಾಣೆಯಲ್ಲಿ ವಾದಿಸಲು ಹೋಗಬೇಡಿ.

ಈ ತೋಟದ ಯೋಚನೆ ಕೆನಡಾದ ತೋಟಗಾರಿಕಾ ತಜ್ಞ ಡಾ. ಹೆನ್ರಿ ಮೂರ್ ಅವರದು. 1932ರ ಜುಲೈ 14ರಂದು ಉದ್ಯಾನದ ಸಮರ್ಪಣೆಯಾಯಿತು. ಒಬ್ಬರ ಮೇಲೊಬ್ಬರು ಆಯುಧ ಎತ್ತುವುದಿಲ್ಲ ಎಂಬ ಎರಡು ರಾಷ್ಟ್ರಗಳ ಪ್ರತಿಜ್ಞೆ ಅಲ್ಲಿನ ಕಲ್ಲುಗುಪ್ಪೆಯ ಮೇಲಿದೆ. ನಾರ್ತ್ ಡಕೋಟದ ವಾಹನಗಳ ನಂಬರ್ ಪ್ಲೇಟಿನ ಮೇಲೂ ಈ ತೋಟದ ಹೆಸರುಂಟು.

ಮುಖ್ಯ ಹೂದೋಟದ ನಡುವೆಯೇ ಗಡಿರೇಖೆ ಹಾಯುತ್ತದೆ. ಎಡಗಾಲು ಒಂದು ದೇಶದಲ್ಲಿ, ಬಲಗಾಲು ಇನ್ನೊಂದರಲ್ಲಿ ಇಟ್ಟು ಫೋಟೋ ತೆಗೆಸಿಕೊಳ್ಳದೆ ಬರುವವರು ಕಡಿಮೆ. ಹೂಗಳಿಂದ ಮಾಡಿದ ಗಡಿಯಾರ, ಕಳ್ಳಿ ಗಿಡಗಳ ಗಾಜಿನ ಮನೆ, ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಉಕ್ಕಿನ ತೊಲೆಗಳಿಟ್ಟ ಸ್ಮಾರಕ ಇವೆ. ಗೆರೆಯ ಮೇಲೆ ಕಟ್ಟಿದ ಶಾಂತಿ ಮಂದಿರದ ಗೋಡೆಗಳಲ್ಲಿ ಹಲವರ ಮಾತುಗಳನ್ನು ಕೆತ್ತಿದ್ದಾರೆ. ಹಳೆಯ ಚಿತ್ರಗಳಲ್ಲಿ ಕಾಣುವ ನಾಲ್ಕು ಕಂಬಗಳ ಗೋಪುರವನ್ನು ಹುಡುಕಬೇಡಿ. ಶಿಥಿಲವಾಗಿದ್ದರಿಂದ 2017ರಲ್ಲಿ ಕೆಡವಿದರು.

ಹೋಗುವುದಾದರೆ ಜುಲೈ-ಆಗಸ್ಟ್‌ನಲ್ಲಿ ಹೋಗಿ. ಅಲ್ಲಿ ಬೇಸಿಗೆ ಮೋಟು, ಅದರ ಆಚೀಚೆ ಹೂ ಕಡಿಮೆ. ಫೋನು ತಾನಾಗಿ ಆಚೆ ದೇಶದ ಟವರ್ ಹಿಡಿದು ಬಿಲ್ಲು ಏರಿಸಬಹುದು, ರೋಮಿಂಗ್ ನಿಲ್ಲಿಸಿಬಿಡಿ. ಪ್ರವೇಶ ಶುಲ್ಕವಿದೆ. ಗಡಿಯ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಹಿಂದಿನ ದಿನ ಉದ್ಯಾನದ ಕಚೇರಿಗೆ ಒಂದು ಫೋನು ಮಾಡಿ ಕೇಳಿಕೊಳ್ಳಿ.