ಲೆಕ್ಕದ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ

ವರ್ತಕರು ಓದುವುದಿಲ್ಲವೆಂಬುದು ಹಳೆಯ ಆಪಾದನೆ. ವಾಸ್ತವವಾಗಿ ಅವರು ದಿನವಿಡೀ ಓದುತ್ತಲೇ ಇರುತ್ತಾರೆ: ಬಿಲ್ಲು, ಚಲನ್, ಬ್ಯಾಂಕಿನ ನೋಟೀಸು, ತೆರಿಗೆ ಇಲಾಖೆಯ ಸುತ್ತೋಲೆ. ಮನಸ್ಸಿಗೆ ಹಿತವಾಗುವ ಓದಿಗೆ ಮಾತ್ರ ಬಿಡುವಿಲ್ಲ. ಆದರೂ ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಕರೆಂಟು ಹೋದ ಅರ್ಧ ಗಂಟೆ, ನೆಲಮಂಗಲದ ಗೋದಾಮಿನ ಮುಂದೆ ಲಾರಿಗಾಗಿ ಕಾಯುವ ಹೊತ್ತು, ಹೊಸಕೋಟೆಯ ಅಂಗಡಿಯಲ್ಲಿ ಮಧ್ಯಾಹ್ನದ ಖಾಲಿ ಗಳಿಗೆ, ಇವೆಲ್ಲವನ್ನೂ ಕೂಡಿಸಿದರೆ ತಿಂಗಳಿಗೆ ಮೂರು ನಾಲ್ಕು ಪುಸ್ತಕಗಳ ಓದು ಕಷ್ಟವೇನಲ್ಲ.

ಆರಂಭಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ (1980) ಒಳ್ಳೆಯ ಆಯ್ಕೆ. ಕಥೆ ತೆರೆದುಕೊಳ್ಳುವುದು ಮೂಡಿಗೆರೆಯಲ್ಲಿ ಜೇನು ಕೊಳ್ಳುವ ವ್ಯವಹಾರದಿಂದ. ಕಥೆ ಹೇಳುವವನು ಬೇಸಾಯದಲ್ಲಿ ಬೇಸತ್ತು ಜಮೀನು ಬಿಟ್ಟುಬಿಡೋಣವೇ ಎಂದು ಚಿಂತಿಸುತ್ತಿರುವ ರೈತ. ಆಮೇಲೆ ಬರುವುದು ಕಾಡು, ವಿಜ್ಞಾನಿ, ಹಾರುವ ಓತಿಯ ಹುಡುಕಾಟ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಜಮೀನಿನ ಬೆಲೆ ಏರಿದುದನ್ನು ಕಂಡ ದೇವನಹಳ್ಳಿಯ ಓದುಗರಿಗೆ ಆ ರೈತನ ತೊಳಲಾಟವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಪುಸ್ತಕ ಚಿಕ್ಕದು, ಭಾಷೆ ತಿಳಿ, ನಗು ಧಾರಾಳ.

ಎರಡನೆಯ ವಾರ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಹಿಡಿಯಬಹುದು. ಸಸ್ಯಶಾಸ್ತ್ರದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಪ್ರಸಂಗಗಳಿವು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿಯಾದರೂ ಪಾಂಡಿತ್ಯದ ಭಾರವಿಲ್ಲ. ಗಿರಾಕಿಗಳ ನಡುವೆ ಎರಡೆರಡು ನಿಮಿಷ ಮಾತ್ರ ಸಿಗುವವರಿಗೆ ನಾ. ಕಸ್ತೂರಿಯವರ ‘ಅನರ್ಥಕೋಶ’ವೇ ಸರಿ, ಯಾವ ಪುಟ ತೆರೆದರೂ ನಡೆಯುತ್ತದೆ. ರಾತ್ರಿ ನಿದ್ದೆ ಬಾರದವರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿದ್ದಾನೆ. ಇಂಥ ಕಾದಂಬರಿಗಳನ್ನು ಕೀಳಾಗಿ ಕಾಣುವುದು ಸಲ್ಲದು. ಅನೇಕ ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದವು ಇವೇ.

ಹಗುರ ಓದಿನ ನಡುವೆ ಒಂದು ಸಂಜೆಯನ್ನು ಊರಿನವರೇ ಆದ ಡಿ.ಆರ್. ನಾಗರಾಜರಿಗೆ ಮೀಸಲಿಡುವುದು ಉಚಿತ. 1954ರಲ್ಲಿ ದೊಡ್ಡಬಳ್ಳಾಪುರದ ನೇಕಾರ ಕುಟುಂಬದಲ್ಲಿ ಹುಟ್ಟಿದ ಈ ವಿಮರ್ಶಕರು 1998ರಲ್ಲಿ, ನಲವತ್ತನಾಲ್ಕರ ವಯಸ್ಸಿಗೇ ತೀರಿಕೊಂಡರು. ಅವರ ‘ಸಾಹಿತ್ಯ ಕಥನ’ಕ್ಕೆ ಮರಣಾನಂತರ ಕೇಂದ್ರ ಅಕಾಡೆಮಿಯ ಪ್ರಶಸ್ತಿ ಸಂದಿತು. ಅವರ ಬರಹ ಸಲೀಸಾದುದಲ್ಲ, ನಿಜ. ಒಂದೇ ಪ್ರಬಂಧವನ್ನು ನಿಧಾನವಾಗಿ ಓದಿದರೂ ಸಾಕು. ಮಗ್ಗದ ಬೀದಿಯಿಂದ ಎಂಥ ಚಿಂತನೆ ಹೊರಟಿತೆಂಬುದು ಆ ಬೀದಿಯಲ್ಲೇ ವ್ಯಾಪಾರ ಮಾಡುವವರಿಗೆ ತಿಳಿಯದೇ ಉಳಿಯುವುದು ನಷ್ಟದ ಬಾಬ್ತು.

ಇನ್ನು ಖರ್ಚಿನ ಮಾತು. ಪುಸ್ತಕ ಕೊಳ್ಳಲು ಹಿಂಜರಿಯುವವರು ತಮ್ಮ ಆಸ್ತಿ ತೆರಿಗೆಯ ರಸೀದಿಯನ್ನೊಮ್ಮೆ ತೆಗೆದು ನೋಡಬೇಕು. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಅನ್ವಯ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಅಂಗಡಿಗೂ ಕಾರ್ಖಾನೆಯ ಷೆಡ್ಡಿಗೂ ಇದು ಅನ್ವಯ. ಅಂದರೆ ವರ್ತಕರು ವರ್ಷ ವರ್ಷವೂ ಹಣ ಕಟ್ಟಿ, ಸರಕನ್ನು ಮಾತ್ರ ಎತ್ತಿಕೊಳ್ಳದೆ ಬಿಟ್ಟಿದ್ದಾರೆ! ಬೇರೆ ಯಾವ ವ್ಯವಹಾರದಲ್ಲಿ ಅವರು ಹೀಗೆ ಸುಮ್ಮನಿದ್ದಾರು? ಗ್ರಂಥಾಲಯದಲ್ಲಿ ಬೇಕಾದ ಪುಸ್ತಕ ಇಲ್ಲವಾದರೆ ತರಿಸುವಂತೆ ಗ್ರಂಥಪಾಲಕರನ್ನು ಲಿಖಿತವಾಗಿ ಕೋರಬಹುದು. ನಾಲ್ಕಾರು ಅಂಗಡಿಯವರು ಒಟ್ಟಾಗಿ ಸಹಿ ಹಾಕಿದರೆ ಮನವಿಗೆ ತೂಕ ಹೆಚ್ಚು.