ಕಿವಿ ಕೆಟ್ಟರೆ ಹೊಟ್ಟೆ ತೊಳಸುವುದೇಕೆ?

ಕುಳಿತಲ್ಲೇ ಮನೆ ಗಿರಗಿರನೆ ಸುತ್ತಿದಂತಾಗುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ಮೈ ತಣ್ಣಗೆ ಬೆವರುತ್ತದೆ, ಕೊನೆಗೆ ವಾಂತಿ. 'ಪಿತ್ತ ನೆತ್ತಿಗೇರಿದೆ' ಎಂದು ಹಿರಿಯರು ನಿಂಬೆಹಣ್ಣಿನ ಪಾನಕ ಕೊಡುತ್ತಾರೆ. ಹೊಟ್ಟೆಯ ಮೇಲೆ ಹೊರಿಸುವ ಈ ತಪ್ಪು ಎಷ್ಟೋ ಸಲ ಕಿವಿಯದು!

ಕಿವಿ ಇರುವುದು ಕೇಳುವುದಕ್ಕಷ್ಟೇ ಅಲ್ಲ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿಸಿದಾಗ ಈ ದ್ರವ ತುಸು ಹಿಂದುಳಿದು, ಅಲ್ಲಿರುವ ಜೀವಕೋಶಗಳ ನವಿರಾದ ಕೂದಲುಗಳನ್ನು ಬಾಗಿಸುತ್ತದೆ. ಎರಡೂ ಕಿವಿಗಳಿಂದ ಬರುವ ಸುದ್ದಿಯನ್ನು ಮೆದುಳು ತಾಳೆ ನೋಡಿ ದೇಹದ ಸಮತೋಲ ಕಾಯುತ್ತದೆ. ಒಂದು ಕಿವಿ ತಪ್ಪು ಸುದ್ದಿ ಕಳಿಸಿದರೆ ನಿಂತ ನೆಲವೇ ತಿರುಗಿದಂತೆ ಭಾಸವಾಗುತ್ತದೆ.

ಅದು ಸರಿ, ವಾಂತಿ ಏಕೆ? ಹೃದಯದ ಬಡಿತ, ಬೆವರು, ರಕ್ತದೊತ್ತಡ, ಕರುಳಿನ ಚಲನೆ ಇವು ಯಾರ ಅಪ್ಪಣೆಗೂ ಕಾಯುವುದಿಲ್ಲ. ಇವುಗಳ ಉಸ್ತುವಾರಿ ಸ್ವಯಂಚಾಲಿತ ನರವ್ಯೂಹದ್ದು. ಇದರ ಕೇಂದ್ರಗಳೂ ಒಳಗಿವಿಯ ಸುದ್ದಿ ತಲುಪುವ ಕೇಂದ್ರಗಳೂ ಮೆದುಳಿನ ಬುಡದಲ್ಲಿ ನರತಂತುಗಳಿಂದ ಬೆಸೆದುಕೊಂಡಿವೆ. ಈ ನಂಟು ಉಪಕಾರಿಯೇ. ಮಲಗಿದ್ದವರು ಥಟ್ಟನೆ ಎದ್ದಾಗ ರಕ್ತದೊತ್ತಡ ಕುಸಿಯದಂತೆ ಕಾಯಲು ಇದು ನೆರವಾಗುತ್ತದೆ. ಒಳಗಿವಿ ಕೆಟ್ಟಾಗ ಮಾತ್ರ ಇದೇ ದಾರಿಯಲ್ಲಿ ಸುಳ್ಳು ಸುದ್ದಿ ಹರಿದು, ತಪ್ಪು ಮಾಡದ ಹೊಟ್ಟೆ ತೊಳಸುತ್ತದೆ.

ಮೋಸಹೋದವರು ಮನೆಮಂದಿಯಷ್ಟೇ ಅಲ್ಲ. ಒಂದು ಕಾಲಕ್ಕೆ ಯೂರೋಪಿನ ವೈದ್ಯರೂ ಇದನ್ನು ಮೆದುಳಿಗೆ ರಕ್ತ ನುಗ್ಗಿದ ರೋಗವೆಂದು ಬಗೆದು ರೋಗಿಯ ರಕ್ತ ತೆಗೆಯುತ್ತಿದ್ದರು. 1861ರಲ್ಲಿ ಪ್ಯಾರಿಸ್ಸಿನ ಕಿವುಡರ ಸಂಸ್ಥೆಯ ವೈದ್ಯ ಪ್ರಾಸ್ಪೆರ್ ಮೆನಿಯೇರ್, ತಲೆಸುತ್ತು ವಾಂತಿಗಳ ಜೊತೆ ಕಿವಿಯಲ್ಲಿ ಮೊರೆತ, ಕಿವುಡುತನ ಕಂಡರೆ ರೋಗದ ಬೇರು ಒಳಗಿವಿಯಲ್ಲಿದೆ ಎಂದು ಸಾರಿದರು. ಆ ಕಾಯಿಲೆಗೆ ಇಂದು ಅವರದೇ ಹೆಸರು. ಅದರಿಂದ ನರಳಿ ತೀರಿಕೊಂಡವರ ಒಳಗಿವಿಯಲ್ಲಿ ದ್ರವ ಹೆಚ್ಚಿ ಪೊರೆ ಉಬ್ಬಿದ್ದುದನ್ನು 1938ರಲ್ಲಿ ಲಂಡನ್ನಿನ ಹಾಲ್‌ಪೈಕ್ ಮತ್ತು ಕೇರ್ನ್ಸ್ ತೋರಿಸಿದರು.

ವಾಂತಿಯ ಮಾತ್ರೆಯಿಂದ ಹೊಟ್ಟೆ ತಣ್ಣಗಾದೀತು. ಆದರೆ ಮೆನಿಯೇರ್ ಕಾಯಿಲೆಯಲ್ಲಿ ಕೇಳುವ ಶಕ್ತಿ ವರ್ಷಗಳುರುಳಿದಂತೆ ಕುಂದುವುದುಂಟು. ತಲೆಸುತ್ತಿನೊಡನೆ ಮೊರೆತ, ಮಂದ ಕೇಳಿಕೆ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬೇಕು. ಮಾತು ತೊದಲಿದರೆ, ಕೈಕಾಲಿನ ಬಲ ಕುಂದಿದರೆ ಅದು ಮೆದುಳಿನ ಆಘಾತವೂ ಇರಬಹುದು; ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ಪಿತ್ತ ನೆತ್ತಿಗೇರಿದರೆ, ಪಾನಕದ ಲೋಟ ಕೈಗಿಡುವ ಮೊದಲು 'ಎರಡೂ ಕಿವಿ ಸರಿಯಾಗಿ ಕೇಳಿಸುತ್ತಿದೆಯೇ?' ಎಂದೊಂದು ಮಾತು ಕೇಳುವುದು ಒಳ್ಳೆಯದು.