ಬಾ, ಬನ್ನಿ, ಬರೋಣ

ವೈಟ್‌ಫೀಲ್ಡ್ ಕಡೆಗೆ ಹೊರಟ ಬಿಎಂಟಿಸಿ ಬಸ್ಸಿನ ಬಾಗಿಲಲ್ಲಿ ಒಂದು ನಿಮಿಷ ನಿಂತರೆ ಸಾಕು. ಕಂಡಕ್ಟರ್ ಶಾಲೆಯ ಹುಡುಗನಿಗೆ ‘ಒಳಗೆ ಬಾರೋ’ ಎನ್ನುತ್ತಾರೆ. ಅವನ ಹಿಂದಿರುವ ಅಜ್ಜಿಗೆ ‘ಬನ್ನಿ ಅಮ್ಮಾ’. ಆಮೇಲೆ ಡ್ರೈವರಿಗೆ ‘ರೈಟ್, ಹೋಗೋಣ’. ಫ್ರೆಂಚಿನ ವಿಧ್ಯರ್ಥಕ ರೂಪಗಳೂ ಈ ಮೂರೇ: ನೀನು, ನೀವು, ನಾವು. ಬಾ ಎಂದರೆ ‘ವ್ಯಾಂ’, ಬನ್ನಿ ಎಂದರೆ ‘ವೆನೆ’, ಬರೋಣ ಎಂದರೆ ‘ವೆನೋಂ’.

ವೈಟ್‌ಫೀಲ್ಡ್ ಸುತ್ತಮುತ್ತ ಫ್ರಾನ್ಸಿನ ಸೊಸಿಯೆತೆ ಜೆನೆರಾಲ್ ಬ್ಯಾಂಕಿನ ತಾಂತ್ರಿಕ ಕೇಂದ್ರವಿದೆ, ಕ್ಯಾಪ್‌ಜೆಮಿನಿ ಇದೆ, ಏರ್‌ಬಸ್ ಇದೆ. ಕೆಲಸಕ್ಕಾಗಿ ಫ್ರೆಂಚ್ ಕಲಿಯುವವರು ಕೆಲವರು. ಕೆನಡಾದ ವಲಸೆ ಅರ್ಜಿಯಲ್ಲಿ ಹೆಚ್ಚಿನ ಅಂಕ ಸಿಗಲೆಂದು ಕಲಿಯುವವರು ಇನ್ನು ಕೆಲವರು. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೋ ಆನ್‌ಲೈನ್ ತರಗತಿಗೋ ಸೇರಿದವರ ಕಿವಿಗೆ ಮೊದಲ ದಿನವೇ ‘ಎಕೂತೆ’, ‘ರೆಪೆತೆ’ ಬೀಳುತ್ತವೆ. ಕೇಳಿ, ಮತ್ತೆ ಹೇಳಿ ಎಂದರ್ಥ. ಆದರೆ ವಿವರಣೆ ಬರುವುದು ಬಹುಪಾಲು ಇಂಗ್ಲಿಷಿನ ಮೂಲಕ. ನೀನು–ನೀವು ಭೇದವೇ ಇಲ್ಲದ ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಕಮ್’. ಹೀಗಾಗಿ ಹುಟ್ಟಿನಿಂದ ಬಾಯಲ್ಲಿರುವುದನ್ನೇ ಕನ್ನಡದ ಹುಡುಗರು ಕೋಷ್ಟಕ ಬರೆದು ಉರು ಹೊಡೆಯುತ್ತಾರೆ. ಇದು ನಿಜಕ್ಕೂ ನಷ್ಟ.

ಮರ್ಯಾದೆಯ ಸೂಕ್ಷ್ಮವೂ ಹೊಂದುತ್ತದೆ. ‘ಕಳಿಸಿ’ ಎಂದರೆ ತಪ್ಪಲ್ಲ, ‘ಕಳಿಸಿಕೊಡ್ತೀರಾ?’ ಎಂದರೆ ಹಿತ. ಫ್ರೆಂಚ್ ಸಹೋದ್ಯೋಗಿಗೆ ಮೇಲ್ ಬರೆಯುವಾಗಲೂ ಹಾಗೆಯೇ. ಕಚೇರಿ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ‘ವೊಯೆ’ ಎಂಬ ಪದ ‘ಬಯಸು’ ಎಂಬ ಕ್ರಿಯಾಪದದ ವಿಧ್ಯರ್ಥಕ ರೂಪ. ನಮ್ಮ ‘ದಯವಿಟ್ಟು’ ಮಾಡುವ ಕೆಲಸವನ್ನು ಅದು ಮಾಡುತ್ತದೆ.

ವಿಶೇಷಣದ ವಿಷಯ ಇಷ್ಟು ಸಲೀಸಲ್ಲ. ಕನ್ನಡದಲ್ಲಿ ಚಿಕ್ಕ ಹುಡುಗ, ಚಿಕ್ಕ ಹುಡುಗಿ, ಚಿಕ್ಕ ಮನೆ, ‘ಚಿಕ್ಕ’ ಅಲುಗುವುದಿಲ್ಲ. ಫ್ರೆಂಚಿನಲ್ಲಿ ಹುಡುಗ ‘ಪ್ತಿ’, ಹುಡುಗಿ ‘ಪ್ತಿತ್’. ಇದೂ ನಮಗೆ ಪೂರ್ತಿ ಹೊಸದಲ್ಲ: ಅವನು ಚಿಕ್ಕವನು, ಅವಳು ಚಿಕ್ಕವಳು ಎನ್ನುತ್ತೇವಲ್ಲ. ತೊಡಕಿರುವುದು ಜೀವವಿಲ್ಲದ ವಸ್ತುಗಳಲ್ಲಿ. ಫ್ರೆಂಚಿನಲ್ಲಿ ನಪುಂಸಕ ಲಿಂಗವೇ ಇಲ್ಲ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಹಿಂದಿ ಕಲಿಯುವಾಗ ಒದ್ದಾಡಿದವರಿಗೆ ಈ ಕಷ್ಟ ಗೊತ್ತು. ಮೇಜನ್ನು ಬರೀ ‘ತಾಬ್ಲ್’ ಎಂದು ಕಲಿಯದೆ ‘ಊನ್ ತಾಬ್ಲ್’ ಎಂದೇ ಕಲಿತರೆ ಲಿಂಗವೂ ಜೊತೆಗೇ ನೆನಪಿನಲ್ಲಿ ಕೂರುತ್ತದೆ.

ಸಾಫ್ಟ್‌ವೇರ್ ಬರೆಯುವವರಿಗೆ ಇದು ಪರೀಕ್ಷೆಯ ಅಂಕದ ಪ್ರಶ್ನೆಯಷ್ಟೇ ಅಲ್ಲ. ‘ಅಳಿಸಲಾಗಿದೆ’ ಎಂಬ ಒಂದೇ ಪದವನ್ನು ಇಟ್ಟುಕೊಂಡು, ಅದರ ಮುಂದೆ ಕಡತ, ಚಿತ್ರ ಎಂದು ಬೇಕಾದ ಹೆಸರನ್ನು ಸೇರಿಸುವಂತೆ ಕೋಡ್ ಬರೆದಿದ್ದಾರೆ ಎನ್ನೋಣ. ಕನ್ನಡದಲ್ಲಿ ಅದು ನಡೆಯುತ್ತದೆ. ಫ್ರೆಂಚಿನಲ್ಲಿ ಕಡತ ಪುಲ್ಲಿಂಗ, ಆಗ ‘ಸುಪ್ರಿಮೆ’. ಚಿತ್ರ ಸ್ತ್ರೀಲಿಂಗ, ಅದೇ ಪದದ ಕೊನೆಗೆ ಇನ್ನೊಂದು ‘ಇ’ ಅಕ್ಷರ ಬೇಕು. ಮೂರು ಚಿತ್ರಗಳಾದರೆ ಅದರ ಮೇಲೊಂದು ‘ಎಸ್’. ಮೂರರ ಉಚ್ಚಾರಣೆಯೂ ಒಂದೇ. ಆದ್ದರಿಂದ ಓದಿ ಹೇಳಿದರೆ ತಪ್ಪು ಸಿಗದು. ಪ್ಯಾರಿಸ್ಸಿನ ಬಳಕೆದಾರರ ಕಣ್ಣಿಗೆ ಮಾತ್ರ ತಟ್ಟನೆ ಬೀಳುತ್ತದೆ. ಪ್ರತಿ ವಸ್ತುವಿಗೂ ಇಡೀ ವಾಕ್ಯವನ್ನೇ ಬೇರೆಯಾಗಿ ಬರೆದಿಡುವುದು ಸರಿಯಾದ ದಾರಿ.

ಅಭ್ಯಾಸಕ್ಕೆ ನಮ್ಮ ಮೆಟ್ರೊ ಇದೆ. ಮಾರ್ಗ, ಅಂದರೆ ‘ಲಿನ್ಯ್’, ಸ್ತ್ರೀಲಿಂಗ. ಬಣ್ಣದ ಪದ ಅದರ ನಂತರ ಬರಬೇಕು. ಪೀಣ್ಯದ ಹಸಿರು ಮಾರ್ಗದಲ್ಲಿ ‘ವೆರ್’ ಹೋಗಿ ‘ವೆರ್ತ್’ ಆಗುತ್ತದೆ. ವೈಟ್‌ಫೀಲ್ಡಿನ ನೇರಳೆಗೆ ‘ವಿಯೋಲೆ’ ಅಲ್ಲ, ‘ವಿಯೋಲೆತ್’. 2025ರ ಆಗಸ್ಟ್‌ನಲ್ಲಿ ಶುರುವಾದ ಎಲೆಕ್ಟ್ರಾನಿಕ್ ಸಿಟಿಯ ಹಳದಿ ಮಾರ್ಗಕ್ಕೆ ‘ಝೋನ್’. ಇದು ಎರಡು ಲಿಂಗಕ್ಕೂ ಒಂದೇ, ಬಹುವಚನದಲ್ಲಷ್ಟೇ ‘ಎಸ್’ ಸೇರುತ್ತದೆ. 2024ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಮೂರನೇ ಹಂತದ ಕಿತ್ತಳೆ ಮಾರ್ಗಕ್ಕೆ ಆ ‘ಎಸ್’ ಕೂಡ ಬೇಡ. ಹಣ್ಣಿನ ಹೆಸರಿನಿಂದ ಬಂದ ‘ಒರಾಂಝ್’ ಯಾವ ಲಿಂಗಕ್ಕೂ ಯಾವ ವಚನಕ್ಕೂ ಬದಲಾಗುವುದಿಲ್ಲ, ಥೇಟ್ ನಮ್ಮ ‘ಕಿತ್ತಳೆ’ಯ ಹಾಗೆ.